ನಾಲಿಗೆಯ ವಂಶಾವಳಿ

ಗುಮಾಸ್ತಗಿರಿಯ ಬೆನ್ನು ಹತ್ತಿ ನಾವು ಮೈಸೂರಿನಿಂದ ನಾಸಿಕಕ್ಕೆ ಬಂದು ಎಂಟು ವರ್ಷಗಳಾದುವು. ಗೋದಾವರಿಯ ದಂಡೆಯಲ್ಲಿದ್ದೇವೆಂಬುದೇ ನಮಗೊಂದು ಸಮಾಧಾನ; ಅಮೋಘವರ್ಷನ ಕಾಲದ ಕವಿರಾಜಮಾರ್ಗವು ಕನ್ನಡನಾಡಿನ ಬಡಗಣ ಎಲ್ಲೆಯೆಂದು ಹೇಳಿದ್ದು ಈ ನದಿಯನ್ನೇ. ಆದರೆ ನಾಲಿಗೆಯ ಎಲ್ಲೆ ಎಲ್ಲಿದೆಯೆಂಬ ಬಗ್ಗೆ ನಮ್ಮ ಮನೆಯಲ್ಲಿ ವ್ಯಾಜ್ಯವೇ ನಡೆದಿತ್ತು.

ವ್ಯಾಜ್ಯದ ಮೂಲ ನವಿಲುಕೋಸು. ಇಲ್ಲಿಯವರು ಅದನ್ನು ನವಲಕೋಲ್ ಎನ್ನುತ್ತಾರೆ. ನಮ್ಮ ತಾಯಿ ಊರಿನಿಂದ ಬಂದಾಗಲೆಲ್ಲ ಅದರ ಹುಳಿ ಆಗಲೇಬೇಕು. ನಮ್ಮ ಆರು ವರ್ಷದ ಮಗಳು ಹಾಗಲಕಾಯಿ ಗೊಜ್ಜನ್ನು ಬೆರಳು ನೆಕ್ಕಿ ತಿನ್ನುವವಳು. ನವಿಲುಕೋಸನ್ನೂ ಎಲೆಕೋಸನ್ನೂ ಮಾತ್ರ ‘ಕಹಿ’ ಎಂದು ಉಗಿಯುತ್ತಾಳೆ.

“ಬೆಳಗಾದರೆ ಮಿಸಳ್ ಪಾವ್ ತಿನ್ನಿಸಿ ಮಗುವಿನ ರುಚಿ ಕೆಡಿಸಿದೆಯಲ್ಲೇ. ಇನ್ನೆರಡು ವರ್ಷಕ್ಕೆ ಇವಳು ನಮ್ಮವಳಾಗಿ ಉಳಿಯುವುದಿಲ್ಲ” ಎಂದರು ತಾಯಿ. ನಮ್ಮ ಶ್ರೀಮತಿಯವರು ಉತ್ತರ ಕೊಡಲಿಲ್ಲ. ಎರಡು ದಿನ ಸರಿಯಾಗಿ ಊಟವನ್ನೂ ಮಾಡಲಿಲ್ಲ.

ಈ ಮೌನವನ್ನು ಜೊತೆಗೆ ಕಟ್ಟಿಕೊಂಡೇ ದೀಪಾವಳಿಯ ರಜೆಯಲ್ಲಿ ಅಕ್ಕನ ಮನೆಗೆ ಹೊರಟೆವು. ನಾಸಿಕ್ ರೋಡಿನಲ್ಲಿ ತಪೋವನ ಎಕ್ಸ್‌ಪ್ರೆಸ್ ಹತ್ತಿದೆವು. ಈರುಳ್ಳಿಗೆ ಹೆಸರಾದ ಲಾಸಲಗಾಂವ ಕಳೆದು, ಮನಮಾಡ ದಾಟಿದ ಮೇಲೆ ಮರಾಠವಾಡದ ಕಪ್ಪು ನೆಲ ಬಂತು. ಅಕ್ಕನ ಊರು ನಮ್ಮ ಬಾಯಲ್ಲಿ ಇನ್ನೂ ಔರಂಗಾಬಾದು. 2023ರಿಂದ ಅದು ಛತ್ರಪತಿ ಸಂಭಾಜಿನಗರ. ನಾನ್ ಖಲಿಯಾ ಅಲ್ಲಿಯ ಪ್ರಸಿದ್ಧ ತಿನಿಸು. ತುಘಲಕನು 1327ರ ಸುಮಾರಿಗೆ ದೆಹಲಿಯ ಜನರನ್ನು ದೌಲತಾಬಾದಿಗೆ ಹೊರಡಿಸಿದಾಗ ಅದೂ ಬಂತೆಂದು ಊರವರು ಹೇಳುತ್ತಾರೆ. ವಲಸೆಯವರ ಗಂಟಿನಲ್ಲಿ ರುಚಿಯೂ ಇರುತ್ತದೆ, ನೋಡಿ!

ಮಧ್ಯಾಹ್ನ ಅಕ್ಕ ತಾಯಿಗೆ ಪ್ರಿಯವೆಂದು ನವಿಲುಕೋಸಿನ ಹುಳಿಯನ್ನೇ ಬಡಿಸಿದಳು. ಅವಳ ಮಗ ಹೋಳುಗಳನ್ನು ಒಂದೊಂದಾಗಿ ತಟ್ಟೆಯ ಅಂಚಿಗೆ ತಳ್ಳತೊಡಗಿದ. ಈಚೆ ನಮ್ಮ ಮಗಳದೂ ಅದೇ ಕೆಲಸ. ತಾಯಿ ಅನ್ನ ಕಲಸುವ ಕೈ ನಿಲ್ಲಿಸಿ ಇಬ್ಬರನ್ನೂ ನೋಡಿದರು.

“ನಿಮ್ಮಪ್ಪನೂ ಹೀಗೇ ಕಣೋ, ಎಲೆಯ ಅಂಚಿಗೆ ಗೋಡೆ ಕಟ್ಟುತ್ತಿದ್ದರು” ಎಂದರು. ಈ ಮೊಮ್ಮಕ್ಕಳು ಹುಟ್ಟುವ ಮೊದಲೇ ತಂದೆಯವರು ತೀರಿಕೊಂಡಿದ್ದರು.

ಭಾವ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುವವರು. ಅವರು ಹೇಳಿದ ಕಥೆ ಇದು. 1931ರಲ್ಲಿ ಅಮೆರಿಕದ ಡ್ಯೂಪಾಂಟ್ ಪ್ರಯೋಗಾಲಯದಲ್ಲಿ ಆರ್ಥರ್ ಫಾಕ್ಸ್ ಎಂಬ ರಸಾಯನಶಾಸ್ತ್ರಜ್ಞರ ಕೈಯಿಂದ ಪಿ.ಟಿ.ಸಿ. ಎಂಬ ಪುಡಿ ಗಾಳಿಗೆ ಹಾರಿತು. ಪಕ್ಕದವರು ಬಾಯೆಲ್ಲ ಕಹಿಯೆಂದರು. ಫಾಕ್ಸರಿಗೆ ಏನೂ ತಿಳಿಯಲಿಲ್ಲ. ಈ ಭೇದ ವಂಶದಲ್ಲಿ ಹರಿದು ಬರುತ್ತದೆಂದು ಬೇಗನೆ ಗೊತ್ತಾಯಿತು. ಅದಕ್ಕೆ ಕಾರಣವಾದ ಜೀನು ಸಿಕ್ಕಿದ್ದು 2003ರಲ್ಲಿ. ನಾಲಿಗೆಯಲ್ಲಿ ಕಹಿಯನ್ನು ಗುರುತಿಸುವ ಬಾಗಿಲುಗಳು ಸುಮಾರು 25 ಬಗೆ. ಆ ಪುಡಿಗೂ ಕೋಸಿನ ಜಾತಿಯ ಕೆಲವು ಕಹಿಗಳಿಗೂ ಬಾಗಿಲು ಒಂದೇ. ಹಾಗಲದ ಕಹಿಗೆ ಬೇರೆ.

“ಹಾಗಾದರೆ ನಾವೇಕೆ ತಿನ್ನುತ್ತೇವೆ?” ಎಂದೆವು.

“ಒಂದೇ ಬಗೆಯ ಜೀನು ಇದ್ದರೂ ದೊಡ್ಡವರಿಗಿಂತ ಮಕ್ಕಳಿಗೆ ಆ ಕಹಿ ಹೆಚ್ಚು ತಟ್ಟುವುದುಂಟೆಂದು 2005ರಲ್ಲಿ ಒಂದು ಅಧ್ಯಯನ ಹೇಳಿದೆ. ಪರೀಕ್ಷೆ ಮಾಡದೆ ಈ ಮಕ್ಕಳದು ಅದೇ ಎಂದು ಆಣೆ ಹಾಕಲಾರೆ. ಆದರೆ ಹಟವೆಂದು ಹೊಡೆಯಬೇಡಿ” ಎಂದರು ಭಾವ. ಜೀನೊಂದೇ ಎಲ್ಲವೂ ಅಲ್ಲವಂತೆ. ಬಸುರಿನಲ್ಲಿ ಅಥವಾ ಹಾಲೂಡುವಾಗ ತಾಯಿ ಗಜ್ಜರಿಯ ರಸ ಕುಡಿದಿದ್ದರೆ ಕೂಸು ಆ ರುಚಿಯನ್ನು ಸುಲಭವಾಗಿ ಒಪ್ಪಿತೆಂದು 2001ರ ಪ್ರಯೋಗವೊಂದು ತೋರಿಸಿತು.

“ಹಾಗಲಕಾಯಿ ಗೊಜ್ಜು ನನ್ನ ಬಸುರಿ ಬಯಕೆ” ಎಂದು ಶ್ರೀಮತಿಯವರು ಮೆಲ್ಲಗೆ ಹೇಳಿದರು. ಎರಡು ದಿನಗಳಲ್ಲಿ ಅವರಾಡಿದ ಮೊದಲ ಮಾತು ಅದು.

ಮರುದಿನ ಎಲ್ಲೋರಕ್ಕೆ ಹೋದೆವು. ರಾಷ್ಟ್ರಕೂಟ ಕೃಷ್ಣನ ಕಾಲದಲ್ಲಿ, ಎಂಟನೆಯ ಶತಮಾನದಲ್ಲಿ, ಬೆಟ್ಟವನ್ನು ಮೇಲಿನಿಂದ ಕೆಳಕ್ಕೆ ಕಡಿದು ಮಾಡಿದ ಕೈಲಾಸ ದೇವಾಲಯ ಅಲ್ಲಿದೆ. ನೆರಳಿನಲ್ಲಿ ಬುತ್ತಿ ಬಿಚ್ಚಿದಾಗ ತಾಯಿ ಮೊದಲ ತುತ್ತನ್ನು ಸೊಸೆಯ ಕೈಗಿಟ್ಟು, “ನನ್ನ ಮಾತು ಮನಸ್ಸಿಗೆ ಹಚ್ಚಿಕೊಳ್ಳಬೇಡ, ತಾಯೀ. ಹುಡುಗಿ ಅವರ ತಾತನ ಹಾಗೆ” ಎಂದರು.

ಈಗಲೂ ನಮ್ಮ ಮನೆಯಲ್ಲಿ ನವಿಲುಕೋಸು ಬೇಯುತ್ತದೆ. ಮಗಳಿಗೆ ಒಂದೇ ಹೋಳು; ಬೇಡವಾದರೆ ಅಂಚಿಗಿಡಲು ಅಪ್ಪಣೆಯುಂಟು. ಆ ಹೋಳನ್ನು ನೋಡಿದಾಗಲೆಲ್ಲ ತಂದೆಯವರೂ ಪಂಕ್ತಿಯಲ್ಲಿ ಕುಳಿತಂತೆ ನಮಗೆ ತೋರುತ್ತದೆ.