ಸೇತುವೆಯ ಕೆಳಗಿನ ದಾರಿ

ಮಂಗಳೂರಿನ ದೇರೆಬೈಲಿನಿಂದ ಕೊಟ್ಟಾರ ಚೌಕಿಗೆ ಇಳಿದು ಉಡುಪಿಯ ಕಡೆಗೆ ಹೊರಟವರಿಗೆ ಫಲ್ಗುಣಿಯ ದರ್ಶನವಾಗುವುದು ಕೂಳೂರು ಸೇತುವೆಯ ಮೇಲೆ, ಅದೂ ವಾಹನಗಳ ಸಾಲು ನಿಂತುಬಿಟ್ಟರೆ ಮಾತ್ರ. ಸಾಲು ಸಲೀಸಾಗಿ ಸಾಗಿದ ದಿನ ಕೆಳಗೊಂದು ನದಿ ಇತ್ತೆಂಬುದೇ ಗಮನಕ್ಕೆ ಬರುವುದಿಲ್ಲ. ಹೊಳೆಯನ್ನು ಅಡ್ಡಕ್ಕೆ ದಾಟುವುದಷ್ಟೇ ನಮಗೆ ಗೊತ್ತು, ಅದರ ಉದ್ದಕ್ಕೆ ಸಾಗುವುದು ಮರೆತುಹೋಗಿದೆ. ಆದ್ದರಿಂದ ನಾಲ್ಕಾರು ಮಂದಿ ಗೆಳೆಯರು ಪುಟ್ಟ ದೋಣಿಗಳಿಗೆ ಅಕ್ಕಿ, ಪಾತ್ರೆ, ಡೇರೆ ಹೇರಿಕೊಂಡು, ಗುರುಪುರದಿಂದ ತಣ್ಣೀರುಬಾವಿಯವರೆಗೆ ಹುಟ್ಟು ಹಾಕುತ್ತ, ನಡುವೆ ದಡದಲ್ಲಿ ರಾತ್ರಿ ಕಳೆಯುತ್ತ ಬರುವುದನ್ನು ಬರಿಯ ಮೋಜೆಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಊರಿಗೂ ನದಿಗೂ ತಪ್ಪಿಹೋದ ಮಾತುಕತೆಯನ್ನು ಮತ್ತೆ ಶುರುಮಾಡಲು ಇದು ಖರ್ಚು ಕಡಿಮೆಯ, ಗಡಿಬಿಡಿಯಿಲ್ಲದ ಉಪಾಯ.

ಇದು ಸಾಹೇಬರ ಹವ್ಯಾಸವಲ್ಲವೇ ಎಂದು ಕೇಳುವವರಿದ್ದಾರೆ. ಅರ್ಧ ನಿಜ. ಜಾನ್ ಮ್ಯಾಕ್‌ಗ್ರೆಗರ್ ಎಂಬ ಬ್ರಿಟಿಷ್ ವಕೀಲ ‘ರಾಬ್ ರಾಯ್’ ಎಂಬ ಪುಟ್ಟ ದೋಣಿಯಲ್ಲಿ ಯುರೋಪಿನ ನದಿ–ಸರೋವರಗಳನ್ನು ಸುತ್ತಿದ್ದು 1865ರಲ್ಲಿ. ಮರುವರ್ಷ ಅವನ ಪುಸ್ತಕ ಬಂದ ಮೇಲೆ ಈ ವಿನೋದ ಅಲ್ಲಿ ಜನಪ್ರಿಯವಾಯಿತು. ಅದೇ 1865ರಲ್ಲಿ ಬಾಸೆಲ್ ಮಿಷನ್ನಿನ ಜಾರ್ಜ್ ಪ್ಲೆಬ್ಸ್ಟ್ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಆರಂಭಿಸಿದ. ಆಮೇಲೆ ಫಲ್ಗುಣಿ, ನೇತ್ರಾವತಿ ಎರಡೂ ನದಿಗಳ ದಡದಲ್ಲಿ ಹೊಗೆಗೊಳವೆಗಳು ಎದ್ದವು. ಜೇಡಿಮಣ್ಣು ಬಂದದ್ದು ದೋಣಿಯಲ್ಲಿ, ಸುಟ್ಟ ಹೆಂಚು ಬಂದರಿಗೆ ಹೋಗಿ ಮಂಜಿ ಎಂಬ ಸರಕು ಹಡಗು ಏರಿದ್ದೂ ನೀರಿನ ದಾರಿಯಲ್ಲೇ. ಬಂಟ್ವಾಳ, ಪಾಣೆಮಂಗಳೂರಿನ ಸರಕೂ ನೇತ್ರಾವತಿಯ ಮೇಲೆಯೇ ಇಳಿದು ಬರುತ್ತಿತ್ತು. ಮ್ಯಾಕ್‌ಗ್ರೆಗರನಿಗೆ ವಿನೋದವಾದದ್ದು ನಮ್ಮವರಿಗೆ ದಿನಗೂಲಿ. ಕೂಲಿಯವನ ಬೆನ್ನುನೋವನ್ನು ಚಂದದ ಕಥೆ ಮಾಡುವುದು ಅನ್ಯಾಯವೆಂದರೆ ಒಪ್ಪುತ್ತೇನೆ. 1907ರಲ್ಲಿ ರೈಲು ಬಂದು, ಹಿಂದೆಯೇ ಲಾರಿಗಳು ಬಂದು ಆ ಹೊರೆ ಇಳಿಸಿದ್ದು ಒಳ್ಳೆಯದೇ. ಆದರೆ ಹೊರೆಯ ಜೊತೆಗೆ, ಉಬ್ಬರ ಎಲ್ಲಿಯವರೆಗೆ ಏರುತ್ತದೆ, ಯಾವ ತಿರುವಿನಲ್ಲಿ ಹೂಳು, ಯಾವ ಕುದ್ರುವಿನಲ್ಲಿ, ಅಂದರೆ ನದಿಯ ನಡುಗಡ್ಡೆಯಲ್ಲಿ, ಸಿಹಿನೀರು ಎಂಬ ತಿಳಿವಳಿಕೆಯೂ ಇಳಿದುಹೋಯಿತು.

ಅದು ಹೋದದ್ದರಿಂದ ನಷ್ಟವೇನು? 2019ರ ಆಗಸ್ಟಿನ ಮಳೆಗೆ ಪಚ್ಚನಾಡಿಯ ಕಸದ ಗುಡ್ಡ ಜಾರಿ ಮಂದಾರದ ಮನೆ–ತೋಟಗಳನ್ನು ಮುಚ್ಚಿತು, ಅದರ ಕೊಳಕು ನೀರು ಫಲ್ಗುಣಿಯನ್ನು ಸೇರಿತು. ಆ ಗುಡ್ಡದಲ್ಲಿ ದೇರೆಬೈಲಿನ ಕಸವೂ ಇತ್ತು. ನೇತ್ರಾವತಿಯ ಪಾವೂರು ಉಳಿಯ ಕುದ್ರು ಮರಳುಗಾರಿಕೆಯಿಂದ ಸವೆಯುತ್ತ ಬಂದಿದೆ. ಇಂಥವು ಪತ್ರಿಕೆಯಲ್ಲಿ ಒಂದು ದಿನದ ಸುದ್ದಿ. ಆದರೆ ದಡದಲ್ಲಿ ಅನ್ನಕ್ಕೆ ನೀರಿಡಬೇಕಾದವನಿಗೆ ಈ ನೀರು ಒಲೆಯ ಮೇಲೆ ಇಡುವಂಥದ್ದೇ ಎಂಬ ಪ್ರಶ್ನೆಯನ್ನು ತಪ್ಪಿಸಿಕೊಳ್ಳಲಾಗುವುದಿಲ್ಲ. ಮರವೂರಿನ ಕಿಂಡಿ ಅಣೆಕಟ್ಟು ಎದುರಾದರೆ ದೋಣಿಯನ್ನು ಹೆಗಲಿಗೇರಿಸಿ ದಾಟಬೇಕು. ಗುಂಪು ಬೇಕಾಗುವುದೂ ಅದಕ್ಕೇ. ಹೀಗೆ ಹೊತ್ತವರ ಹೆಗಲಿಗೆ ನದಿಯ ಮೈಕಟ್ಟು ಚೆನ್ನಾಗಿ ನೆನಪಿರುತ್ತದೆ. ಮುಂದೆ ಯಾವುದೋ ಸಭೆಯಲ್ಲಿ ನದಿಯ ಮಾತು ಬಂದಾಗ ಅವರು ನಕ್ಷೆ ನೋಡಿ ತಲೆಯಾಡಿಸುವವರಲ್ಲ.

ಅಪಾಯದ ಮಾತು ಗಟ್ಟಿಯಾದದ್ದೇ. ಮಳೆಗಾಲದಲ್ಲಿ ಹೊಳೆಗಿಳಿಯಲೇಬಾರದು. ಬೇಸಿಗೆಯಲ್ಲೂ ಮರಳು ತೆಗೆದ ಗುಂಡಿಗಳು ಕಣ್ಣಿಗೆ ಕಾಣುವುದಿಲ್ಲ, ಅಳಿವೆಯ ಹತ್ತಿರ ಇಳಿತದ ಸೆಳೆತವೂ ಕಡಿಮೆಯಲ್ಲ. ಲೈಫ್ ಜಾಕೆಟ್, ಉಬ್ಬರ–ಇಳಿತದ ವೇಳೆ, ದಾರಿ ಬಲ್ಲ ಮೀನುಗಾರ, ಈ ಮೂರೂ ಇಲ್ಲದೆ ಹೊರಡುವುದು ಸಾಹಸವಲ್ಲ, ಹುಂಬತನ. ಇದಕ್ಕಿಂತ ಕಷ್ಟದ ಆಕ್ಷೇಪ ಇನ್ನೊಂದಿದೆ: ಪ್ರವಾಸಿಗರು ಬಂದಲ್ಲಿ ಬಾಟಲಿಯೂ ಬರುತ್ತದೆ, ಸ್ಪೀಕರೂ ಬರುತ್ತದೆ, ಮೀನಿನ ಬಲೆ ಹರಿಯುತ್ತದೆ, ದಡದ ತೆಂಗಿನ ತೋಟಕ್ಕೂ ಒಬ್ಬ ಯಜಮಾನ ಇರುತ್ತಾನೆ. ಇದಕ್ಕೆ ನನ್ನ ಉತ್ತರ, ಗುಂಪು ಸಣ್ಣದಿರಲಿ, ಕುದ್ರುವಿನ ಮನೆಯವರ ಒಪ್ಪಿಗೆ ಮೊದಲೇ ಸಿಕ್ಕಿರಲಿ, ಊಟದ ಹಣ ಅವರಿಗೇ ಹೋಗಲಿ. ಸಾಲಿಗ್ರಾಮದ ಬಳಿ ಸೀತಾ ನದಿಯ ಹಿನ್ನೀರಿನ ಕಾಂಡ್ಲಾ ಕಾಡಿನೊಳಗೆ ಕಯಾಕ್ ನಡೆಸಬಹುದಾದರೆ ಫಲ್ಗುಣಿಯಲ್ಲೂ ದೋಣಿ ನಡೆಸಬಹುದು. ನಗರ ಮಾಡಬೇಕಾದದ್ದೂ ದೊಡ್ಡದೇನಲ್ಲ: ಸೇತುವೆಗಳ ಪಕ್ಕ ದೋಣಿ ಇಳಿಸಲು ನಾಲ್ಕು ಮೆಟ್ಟಿಲು, ಒಂದು ಶೌಚಾಲಯ, ಉಬ್ಬರದ ವೇಳೆ ಬರೆದ ಒಂದು ಹಲಗೆ. ಕೋಟಿಗಟ್ಟಲೆ ಸುರಿದು ನದೀತೀರವನ್ನು ಸಿಂಗರಿಸುವ ಮುನ್ನ ಇಷ್ಟು ಮಾಡಿ ನೋಡಬೇಕು. ಸಿಂಗಾರ ಎಲ್ಲಿ ಬೇಕು, ಚರಂಡಿಯ ಬಾಯಿ ಎಲ್ಲಿ ಮುಚ್ಚಬೇಕು ಎಂಬುದನ್ನು ಆ ಮೆಟ್ಟಿಲಿಳಿದು ಹೋಗಿಬಂದವರೇ ಹೇಳಿಯಾರು.