ಹದ್ದಿಗೂ ಡ್ರೋನಿಗೂ ನಡುವೆ

ಜೂನ್ 3, ಬೆಂಗಳೂರು

ಮೊನ್ನೆಯ ಮಳೆಗೆ ಈಸಲು ಹುಳು ಎದ್ದಿವೆ. ಬೆಳಗಿನಿಂದ ಟೆಸ್ಟ್ ಛಾವಣಿಯ ಮೇಲೆ ಹದ್ದುಗಳ ಜಾತ್ರೆ. ನಮ್ಮ ಡ್ರೋನ್ ಪತ್ತೆ ರೇಡಾರಿನ ಪರದೆಯಲ್ಲಿ ಒಂದೊಂದು ಹದ್ದೂ ಚೊಕ್ಕ ಗುರಿಯಾಗಿ ಕೂತಿದೆ. ‘ಇವನ್ನೆಲ್ಲ ತೆಗೆದುಬಿಡಿ’ ಅಂದರು ಮ್ಯಾನೇಜರ್, ಅಕ್ಕಿಯಲ್ಲಿ ಕಲ್ಲು ಆರಿಸಲು ಹೇಳಿದ ಹಾಗೆ.

ಆರಿಸುವುದಾದರೂ ಹೇಗೆ? ಹದ್ದು, ಡ್ರೋನ್ ಎರಡರ ಪ್ರತಿಧ್ವನಿಯೂ ಚದರ ಮೀಟರಿನ ನೂರರಲ್ಲೊಂದು ಪಾಲಿನ ಆಸುಪಾಸು. ವೇಗವೂ ಹೆಚ್ಚೂಕಡಿಮೆ ಒಂದೇ. ಸೆಕೆಂಡಿಗೆ 10 ಮೀಟರ್‌ನಂತೆ ಎದುರಿಗೆ ಬರುವ ವಸ್ತು 10 ಗಿಗಾಹರ್ಟ್ಸ್ ರೇಡಾರಿಗೆ 667 ಹರ್ಟ್ಸ್ ಡಾಪ್ಲರ್ ಕೊಡುತ್ತದೆ. ಅದು ಪುಕ್ಕವೋ ಪ್ಲಾಸ್ಟಿಕ್ಕೋ ಎಂದು ಆ 667ಕ್ಕೆ ಗೊತ್ತಿಲ್ಲ. ನಂಬುವುದು ಸೂಕ್ಷ್ಮ ಡಾಪ್ಲರನ್ನೇ. ಹಕ್ಕಿ ರೆಕ್ಕೆ ಬಡಿದರೆ ಸ್ಪೆಕ್ಟ್ರೋಗ್ರಾಮಿನಲ್ಲಿ ನಿಧಾನಕ್ಕೆ ತೊನೆದಾಡುವ ಗೆರೆ. ಡ್ರೋನಿನ ಪಂಖ ನಿಮಿಷಕ್ಕೆ ಸಾವಿರಗಟ್ಟಲೆ ಸುತ್ತುವುದರಿಂದ ಮುಖ್ಯ ಗೆರೆಯ ಎರಡೂ ಬದಿಗೆ ತೆಳು ಪಟ್ಟೆಗಳು. ಆದರೆ ಹದ್ದು ಸೋಮಾರಿ. ರೆಕ್ಕೆ ಚಾಚಿ ತೇಲುತ್ತದೆ, ಬಡಿಯುವುದೇ ಇಲ್ಲ. ದೂರದ ಡ್ರೋನಿನ ಪಟ್ಟೆಗಳೋ ನಾಯ್ಸ್‌ನಲ್ಲಿ ಮುಳುಗಿಹೋಗುತ್ತವೆ. ಆಗ ಎರಡೂ ಒಂದೇ ಚುಕ್ಕಿ.

ಜೂನ್ 5

ಹಳೆಯ ತಲೆನೋವೇ ಇದು. ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷ್ ರೇಡಾರುಗಳನ್ನೂ ಹಕ್ಕಿಗಳು ಕಾಡಿದ್ದವು. ಪಕ್ಷಿತಜ್ಞ ಡೇವಿಡ್ ಲ್ಯಾಕ್, ಕೀಟತಜ್ಞ ಜಾರ್ಜ್ ವಾರ್ಲಿ ಅದನ್ನು 1945ರಲ್ಲಿ ‘ನೇಚರ್’ನಲ್ಲಿ ಬರೆದರು. ನಮ್ಮ ತಂಡಕ್ಕೂ ಒಬ್ಬ ಪಕ್ಷಿತಜ್ಞ ಬೇಕು ಅಂದೆ. ನಕ್ಕರು. ನಾನು ತಮಾಷೆಗೆ ಹೇಳಿರಲಿಲ್ಲ.

ಮಾವ ಫೋನ್ ಮಾಡಿದ್ದರು. ನನ್ನದು ‘ಸಿಗ್ನಲ್’ ಕೆಲಸ ಎಂದಷ್ಟೇ ಅವರಿಗೆ ಗೊತ್ತು. ಅವರ ಬೀದಿಯಲ್ಲಿ ಟವರ್ ಸಿಗುತ್ತಿಲ್ಲವಂತೆ, ಸ್ವಲ್ಪ ನೋಡಬೇಕಂತೆ.

ಜೂನ್ 11, ಚಿತ್ರದುರ್ಗ

ಬಯಲು ಪರೀಕ್ಷೆ. ಮುಂಗಾರಿನ ಗಾಳಿಗೆ ಗುಡ್ಡದ ಮೇಲಿನ ಗಾಳಿಯಂತ್ರಗಳು ಬಿಡುವಿಲ್ಲದೆ ತಿರುಗುತ್ತಿವೆ. ನೋಡುವವರಿಗೆ ನಿಧಾನ. ಅಲಗಿನ ತುದಿ ಮಾತ್ರ ಸೆಕೆಂಡಿಗೆ 70 ಮೀಟರ್ ದಾಟುತ್ತದೆ. ಕಂಬ ನಿಂತಲ್ಲೇ ನಿಂತಿರುವುದರಿಂದ ಫಿಲ್ಟರ್ ಅದನ್ನು ಅಳಿಸುತ್ತದೆ. ಅಲಗು ಅಳಿಯುವುದಿಲ್ಲ, ಇಡೀ ಡಾಪ್ಲರ್ ಪಟ್ಟಿಯ ಮೇಲೆ ಹರಡಿಕೊಳ್ಳುತ್ತದೆ. ನಮ್ಮ ಡಿಟೆಕ್ಟರ್ ದೂರವನ್ನು ಕೋಶಗಳಾಗಿ ಹಂಚಿ, ಅಕ್ಕಪಕ್ಕದ ಕೋಶಗಳ ಸರಾಸರಿ ನೋಡಿ ಮಿತಿ ಇಡುವಂಥದ್ದು; ಮಿತಿ ದಾಟಿದ್ದೇ ಗುರಿ. ಪಕ್ಕದ ಕೋಶದಲ್ಲೇ ಅಲಗು ಮಿಂಚಿದರೆ ಮಿತಿ ಮುಗಿಲಿಗೆ ಏರುತ್ತದೆ. ಯಂತ್ರದ ಪಕ್ಕ ಹಾರಿಸಿದ ಡ್ರೋನ್ ಕಣ್ಣಿಗೆ ಕಾಣುತ್ತಿದೆ, ಪರದೆಯಲ್ಲಿ ಇಲ್ಲ!

ರಾತ್ರಿ ಲಾಡ್ಜಿನಲ್ಲಿ ಕೂತು ಸರಾಸರಿಯ ಬದಲು ರೋಲಿಂಗ್ ಎಂಬ ತಜ್ಞರ ವಿಧಾನಕ್ಕೆ ಬದಲಿಸಿದೆ. 1983ರದ್ದು: ನೆರೆಯ ಕೋಶಗಳನ್ನು ಸಣ್ಣದರಿಂದ ದೊಡ್ಡದಕ್ಕೆ ಸಾಲಾಗಿ ನಿಲ್ಲಿಸಿ, ನಡುವಿಗಿಂತ ತುಸು ಮೇಲಿನದೊಂದನ್ನು ಆರಿಸುವುದು. ಕಿರುಚುವ ಒಂದೆರಡು ಕೋಶಗಳ ಮಾತು ಆಗ ನಡೆಯುವುದಿಲ್ಲ. ಇವತ್ತಿನ ರೆಕಾರ್ಡಿಂಗ್ ಮೇಲೆ ಓಡಿಸಿದಾಗ ಡ್ರೋನ್ ಮರಳಿ ಬಂತು. ಎಲ್ಲ ಕಡೆಯೂ ಅಲ್ಲ, ಆದರೂ ಬಂತು. ಲೆಕ್ಕದ ಹೊರೆ ಹೆಚ್ಚಾಯಿತೆಂದು ಹಾರ್ಡ್‌ವೇರಿನವರು ಗೊಣಗುತ್ತಾರೆ, ಗೊಣಗಲಿ.

ಜೂನ್ 18, ಬೆಂಗಳೂರು

ಮೂರು ತಾಸಿನ ಮೀಟಿಂಗ್. ಮಿತಿ ಎಷ್ಟಿರಬೇಕು ಎನ್ನುವುದೊಂದೇ ವಿಷಯ. ಪಠ್ಯಪುಸ್ತಕದ ಲೆಕ್ಕ ಇಷ್ಟೇ (ನಮ್ಮ ಅಂಕಿ ಇಲ್ಲಿ ಬರೆಯುವಂತಿಲ್ಲ): ನಾಯ್ಸ್‌ನ ಸರಾಸರಿಯ ಹದಿನಾಲ್ಕು ಪಟ್ಟು ಮಿತಿ ಇಟ್ಟರೆ ಸುಮಾರು ಹತ್ತು ಲಕ್ಷ ಕೋಶಕ್ಕೊಂದು ಸುಳ್ಳು ಗುರಿ. ಕೇಳಲು ಅಪರೂಪವೇ. ಆದರೆ ಒಂದು ಸುತ್ತಿಗೆ ಹತ್ತು ಲಕ್ಷ ಕೋಶ, ಸುತ್ತಿಗೆ ಎರಡು ಸೆಕೆಂಡ್ ಎಂದರೆ ನಿಮಿಷಕ್ಕೆ 30 ಆಯಿತು. ಇವನ್ನು ಟ್ರ್ಯಾಕರ್ ತಿಂದುಹಾಕುತ್ತದೆ, ಯಾಕೆಂದರೆ ನಾಯ್ಸ್ ಒಂದೇ ದಾರಿಯಲ್ಲಿ ಮುಂದೆ ಮುಂದೆ ಸಾಗುವುದಿಲ್ಲ. ಹಕ್ಕಿ ಸಾಗುತ್ತದೆ.

2021ರ ಜೂನ್ 27ರ ಜಮ್ಮು ವಾಯುನೆಲೆಯ ಡ್ರೋನ್ ದಾಳಿಯನ್ನು ಒಬ್ಬರು ನೆನಪಿಸಿದರು: ಒಂದು ಡ್ರೋನೂ ತಪ್ಪಬಾರದು, ಮಿತಿ ಇಳಿಸಿ. ಸೇನೆಯಿಂದ ನಿವೃತ್ತರಾದ ಸಲಹೆಗಾರರು ಒಪ್ಪಲಿಲ್ಲ. ‘ರಾತ್ರಿಯೆಲ್ಲ ಬಾವಲಿಗೆ ಅಲಾರಂ ಹೊಡೆದರೆ ಕಾವಲಿನ ಹುಡುಗ ಸ್ಪೀಕರ್ ವೈರ್ ಕಿತ್ತಿಡ್ತಾನೆ. ಆಮೇಲೆ ನಿಮ್ಮ ರೇಡಾರ್ ಏನು ಕಂಡರೇನು?’ ನನಗೆ ಅವರ ಮಾತೇ ಸರಿ ಅನ್ನಿಸಿತು.

ಜೂನ್ 20

ಎಷ್ಟು ಸುಳ್ಳು ಅಲಾರಂ ಸಹಿಸಬಹುದು ಎನ್ನುವುದನ್ನು ಕಾವಲು ಕಾಯುವವರೇ ಹೇಳಲಿ, ಅದು ಗಣಿತದಿಂದ ಹುಟ್ಟುವ ಸಂಖ್ಯೆಯಲ್ಲ ಎಂದು ಬರೆದು ಕಳಿಸಿದ್ದೆ. ಸಂಜೆ ಉತ್ತರ ಬಂತು: ‘ಅಲ್ಗಾರಿದಂ ತಂಡವೇ ಸೂಕ್ತ ಮೌಲ್ಯ ಸೂಚಿಸುವುದು.’ ಸೋಮವಾರ ಮತ್ತೆ ಮೀಟಿಂಗ್. ಸಲಹೆಗಾರರನ್ನು ಕರೆದಿಲ್ಲ. ನಾನೇ ಫೋನ್ ಮಾಡಿ ಬನ್ನಿ ಅಂದಿದ್ದೇನೆ.