ಹೊಳಿಗೆ ಇಳಿಯೂಕಿಂತ ಮೊದಲು

ನಮ್ಮ ಬೆಟಗೇರಿ ಮಂದಿಗೆ ಹೊಳಿ ಅಂದ್ರ ನಳದಾಗ ಬರೂದು. ತುಂಗಭದ್ರೆ ನೀರು ಮುಂಡರಗಿ ತಾಲೂಕಿನ ದಂಡಿಯಿಂದ ಪೈಪಿನೊಳಗ ಹಾದು ಬಂದು, ಎಂಟು ದಿನಕ್ಕೋ ಹತ್ತು ದಿನಕ್ಕೋ ಒಮ್ಮೆ ನಮ್ಮ ಓಣಿಗೆ ಹಾಜರಿ ಹಾಕತೈತಿ. ಆವತ್ತು ಕೊಡ, ಬಿಂದಿಗಿ, ಬ್ಯಾರಲ್ಲು, ಕಡೀಕ ಚರಗಿ ಸುದ್ದಾ ತುಂಬಿಸಿ ಇಡತೀವಿ. ಹೊಳಿ ಕಣ್ಣಿಲೆ ನೋಡಬೇಕಂದ್ರ ಮುಂಡರಗಿ ದಾಟಿ ಕೊರ್ಲಹಳ್ಳಿಗೋ, ಹಮ್ಮಿಗಿಗೋ, ಶಿಂಗಟಾಲೂರು ವೀರಭದ್ರದೇವರ ಗುಡಿಗೋ ಹೋಗಬೇಕು. ಶಿರಹಟ್ಟಿ ಕಡೆಯವ್ರಿಗೆ ಹೊಳೆ ಇಟಗಿ ಸಮೀಪ. ಲಕ್ಷ್ಮೇಶ್ವರದ ನಮ್ಮ ಅಕ್ಕನ ಮನಿಯವ್ರಂತೂ ಹೊಳಿ ನೋಡೂದು ಅಂದ್ರ ವರ್ಷಕ್ಕ ಒಂದು ಸಲ, ಅದೂ ಅಮವಾಸಿ ಸ್ನಾನಕ್ಕ.

ಇಂಥಾ ನಮ್ಮ ಮನ್ಯಾಗ ಹೋದ ವರ್ಷ ದಸರಾ ಸೂಟಿಯೊಳಗ ಒಂದು ಹೊಸಾ ಶಬ್ದ ಹೊಕ್ಕಿತು: ಕಯಾಕಿಂಗ್. ಬೆಂಗಳೂರಾಗ ಇರೋ ನಮ್ಮ ಮೈದುನನ ಮಗಳು ಹೋಗಿ ಬಂದು ಫೋಟೊ ಕಳಿಸಿದ್ಲು. ಅದನ್ನ ನೋಡಿದ್ದೇ ತಡ, ನಮ್ಮ ದೊಡ್ಡಾಕಿ (ಒಂಬತ್ತನೇ ಇಯತ್ತೆ) ಮತ್ತ ಸಣ್ಣಾಂವ (ಐದನೇ ಇಯತ್ತೆ) ಇಬ್ರೂ ಊಟ ಬಿಡೂದೊಂದು ಬಾಕಿ. ನಮ್ಮತ್ತಿಯವ್ರು "ಅದೇನವಾ?" ಅಂತ ಕೇಳಿದ್ರು. ಒಬ್ಬರು ಇಲ್ಲಾ ಇಬ್ಬರು ಕೂಡೋ ಉದ್ದನ್ನ ಸಣ್ಣ ದೋಣಿ, ಎರಡೂ ತುದಿಗೆ ಹಲಗಿ ಇರೋ ಒಂದ ಹುಟ್ಟು, ತಾವ ಹಾಕ್ಕೊಂಡು ಹೋಗೂದು, ಅಂತ ಮಗಳು ತಿಳಿಸಿ ಹೇಳಿದ್ಲು. ಅತ್ತಿಯವ್ರು ಏನೂ ಅನಲಿಲ್ಲ. ಎದ್ದು ಒಳಗ ಹೋದ್ರು.

ಯಾಕ ಹೋದ್ರು ಅನ್ನೂದು ನನಗೂ ನಮ್ಮನಿಯವ್ರಿಗೂ ಗೊತ್ತಿತ್ತು. ಅತ್ತಿಯವ್ರ ತವರಮನಿ ಮುಂಡರಗಿ ತಾಲೂಕಿನ ಹೊಳಿ ದಂಡಿ ಊರು. ಅವ್ರ ತಮ್ಮ ಹದಿನೇಳು ವರ್ಷದಾಂವ ಇದ್ದಾಗ ಆಚೆ ದಂಡಿ ಹಡಗಲಿ ಕಡೆಯಿಂದ ಹರಗೋಲದಾಗ ಬರೂವಾಗ ತೀರಿಕೊಂಡ. ಹೊಸಾ ನೀರು ಬಂದಿತ್ತು, ಹರಗೋಲದಾಗ ಮಂದಿನೂ ಜಾಸ್ತಿ, ಚೀಲಾನೂ ಜಾಸ್ತಿ. ಆವತ್ತಿನಿಂದ ಅತ್ತಿಯವ್ರು ತಮ್ಮ ಮಕ್ಕಳನ್ನ ಹೊಳಿ ಬಿಡ್ರಿ, ಬಾವಿಗೆ ಸುದ್ದಾ ಇಳಿಸಲಿಲ್ಲ. ಅದಕ್ಕ ನಮ್ಮನಿಯವ್ರಿಗೆ ನಲವತ್ತೈದು ವರ್ಷ ಆದ್ರೂ ಈಸಾಕ ಬರೂದಿಲ್ಲ. ಈಗ ಮೊಮ್ಮಕ್ಕಳ ಪಾಳಿ ಬಂದಿತ್ತು.

ಮೊದಲು ನಾವು ಹಾಕಿದ ಲೆಕ್ಕ ಸಮೀಪದ್ದ. ಹೊಳಿ ನಮ್ಮ ಜಿಲ್ಲಾದಾಗ ಐತಿ, ದೂರ ಯಾಕ ಹೋಗೂದು? ನಮ್ಮನಿಯವ್ರು ಒಂದು ಐತವಾರ ಹಮ್ಮಿಗಿ ಕಡೆ ಹೋಗಿ ನೋಡಿಕೊಂಡು ಬಂದ್ರು. ಅಲ್ಲಿ ಶಿಂಗಟಾಲೂರು ಏತ ನೀರಾವರಿದು ಬ್ಯಾರೇಜ್ ಐತಿ. ಹಿಂದ ನೀರು ಕನ್ನಡಿಯಂಗ ನಿಂತಿರತೈತಿ, ನೋಡಾಕ ಭಾಳ ಚಂದ. ಆದ್ರ ನಿಂತ ನೀರು ಅಂತ ನಂಬೂದು ಬ್ಯಾಡ. ಮ್ಯಾಲಿಂದ ನೀರು ಬಂದ್ರ ಗೇಟು ಎತ್ತತಾರ. ಎತ್ತಿದ್ರ ಸೆಳವು ಗೇಟಿನ ಕಡೀಗೆ. ಕೆಳಗಿನ ಹೊಳ್ಯಾಗ ಉಸುಕು ತೆಗೆದ ಗುಂಡಿ. ಮೊಳಕಾಲುದ್ದ ನೀರಾಗ ನಡಕೋತ ಹೋದಾಂವ ಮುಂದಿನ ಹೆಜ್ಜಿಗೆ ಆಳು ಮುಳುಗೂವಷ್ಟು ಆಳಕ್ಕ ಇಳೀತಾನ. ಕಲಿಸೋರಿಲ್ಲ, ಜಾಕೀಟಿಲ್ಲ, ಬಿದ್ರ ಎತ್ತಾಕ ಇನ್ನೊಂದು ದೋಣಿ ಇಲ್ಲ. ಹೊಸದಾಗಿ ಕಲಿಯೋರಿಗೆ ಬ್ಯಾರೇಜ್, ಒಡ್ಡು, ಗೇಟು ಇರೋ ಜಾಗ ಬ್ಯಾಡವೇ ಬ್ಯಾಡ.

"ಹಂಗಾರ ಮಾಗಡಿ ಕೆರಿ?" ಅಂದ ಸಣ್ಣಾಂವ. ಶಿರಹಟ್ಟಿ ತಾಲೂಕಿನ ಮಾಗಡಿ ಕೆರಿ ನಮಗೆಲ್ಲಾ ಗೊತ್ತಿದ್ದದ್ದ. ಚಳಿಗಾಲಕ್ಕ ಹಿಮಾಲಯ ದಾಟಿ ಪಟ್ಟೆತಲೆ ಹೆಬ್ಬಾತುಗಳು ಹಿಂಡುಗಟ್ಟಲೆ ಬರತಾವು. 2024ರಾಗ ಅದು ರಾಮ್ಸಾರ್ ತಾಣ ಅಂತ ಪಟ್ಟಿಗೆ ಸೇರೇತಿ. ನೀರು ಶಾಂತ ಖರೇ, ಆದ್ರ ನಾವು ಹೋಗೂ ತಿಂಗಳಾಗ ಅದು ಹಕ್ಕಿಗಳ ಮನಿ. ರಾತ್ರಿ ಹೊಲದಾಗ ಮೇಯ್ದು ಬಂದು ಹಗಲು ಕೆರ್ಯಾಗ ದಣಿವಾರಿಸಿಕೊಳ್ಳೋ ಹಕ್ಕಿ ನಡುವ ದೋಣಿ ಹೊಡಿಯೂದಂದ್ರ ಮಂದಿ ಮಲಗಿದಾಗ ಹೊರಸಿನ ಮ್ಯಾಲೆ ಕುಣಿದಂಗ. ಅದೂ ಬಿಟ್ಟೆವು.

ಕಡೀಕ ಗೊತ್ತಾಗಿದ್ದು ಕಾಳಿ ನದಿ, ಜೋಯಿಡಾ ತಾಲೂಕಿನ ಗಣೇಶಗುಡಿ. ಗದಗಿನಿಂದ ಹುಬ್ಬಳ್ಳಿ ಸುಮಾರು 60 ಕಿ.ಮೀ., ಅಲ್ಲಿಂದ ದಾಂಡೇಲಿ ಸುಮಾರು 75, ಮತ್ತ ಗಣೇಶಗುಡಿಗೆ ಒಂದು 25. ಬಸ್ಸಿಗೆ ಹೋಗೋರು ಹುಬ್ಬಳ್ಳಿ ಇಲ್ಲಾ ಧಾರವಾಡಕ್ಕ ಬಂದು ದಾಂಡೇಲಿ ಬಸ್ಸು ಹಿಡೀಬೇಕು. ಅಲ್ಲಿ ರ‍್ಯಾಫ್ಟಿಂಗ್, ಕಯಾಕಿಂಗ್ ಮಾಡಿಸೋರು ಭಾಳ ಮಂದಿ ಅದಾರ, ಕಲಿಸೋರೂ ಸಿಗತಾರ. ಶರಾವತಿ ಹಿನ್ನೀರಿನ ಹೊನ್ನಾವರಾನೂ ಒಳ್ಳೆ ಜಾಗ, ಕಾಂಡ್ಲಾ ಗಿಡದ ನಡುವ ಸಮಾಧಾನದ ನೀರು. ಆದ್ರ ನಮಗ ದೂರ ಆತು, ಎರಡು ದಿನದಾಗ ಮುಗಿಯೂದಿಲ್ಲ.

ಅತ್ತಿಯವ್ರಿಗೆ ಹೇಳೂ ಕೆಲಸ ನನ್ನ ಪಾಲಿಗೆ ಬಂತು. ನಮ್ಮನಿಯವ್ರು ಮೊದಲ ಒಂದು ಮಾತು ಆಡಿ ನೋಡಿದ್ರು: "ಅವ್ವಾ, ಈ ಹುಡುಗ್ರು ಬ್ಯಾಸಿಗಿ ಸೂಟ್ಯಾಗ ಈಜುಗೊಳಕ್ಕ ಹೋಗಿ ಕಲತಾರ. ನಮ್ಮಂಗ ಅಲ್ಲ." ಅದಕ್ಕ ಅತ್ತಿಯವ್ರು, "ಅವನಿಗೂ ಈಸಾಕ ಬರತಿತ್ತು" ಅಂದ್ರು. ಅಷ್ಟ. ನಮ್ಮನಿಯವ್ರು ಸುಮ್ಮನಾದ್ರು.

ಆ ಮಾತು ಖರೇನ. ಈಸಾಕ ಬರತೈತಿ ಅನ್ನೂದು ಧೈರ್ಯ ಕೊಡತೈತಿ, ಆದ್ರ ಸೆಳವಿನಾಗ ತಲೀಗೆ ಪೆಟ್ಟು ಬಿದ್ರ, ಕೈ ಸೋತ್ರ, ಬಟ್ಟಿ ಕಾಲಿಗೆ ಸುತ್ತಿಕೊಂಡ್ರ ಈಸು ಕೆಲಸಕ್ಕ ಬರೂದಿಲ್ಲ. ಆವಾಗ ಕೆಲಸಕ್ಕ ಬರೂದು ಮೈಮ್ಯಾಲಿನ ಜಾಕೀಟು. ನಾನು ಅತ್ತಿಯವ್ರ ಹತ್ರ ಕುಂತು, "ನಿಮಗ ಏನೇನು ಕೇಳಬೇಕು ಅನಸತೈತಿ ಹೇಳ್ರಿ, ಅದನ್ನೆಲ್ಲಾ ಫೋನಿನಾಗ ಕೇಳತೀನಿ. ಉತ್ತರ ನಿಮಗ ಒಪ್ಪಿಗಿ ಆದ್ರ ಹೋಗೂದು, ಇಲ್ಲಂದ್ರ ಬಿಡೂದು" ಅಂದೆ. ಒಂದು ದಿನ ವಿಚಾರ ಮಾಡಿ ಅವ್ರು ಮೂರು ಪ್ರಶ್ನೆ ಕೊಟ್ಟರು. ನೀರು ಯಾರ ಕೈಯಾಗ ಐತಿ? ಬಿದ್ರ ಎತ್ತೋರು ಯಾರು, ಎಷ್ಟು ದೂರದಾಗ ಇರತಾರ? ಒಂದು ದೋಣ್ಯಾಗ ಎಷ್ಟು ಮಂದಿ?

ಹೊಳಿ ದಂಡಿ ಮಗಳು ಕೇಳೋ ಪ್ರಶ್ನೆ ಹಿಂಗ ಇರತಾವು. ನಾವಾದ್ರ ರೂಮಿನಾಗ ಬಿಸಿನೀರು ಐತೇನು, ಊಟಕ್ಕ ರೊಟ್ಟಿ ಸಿಗತೈತೇನು ಅಂತ ಕೇಳತಿದ್ವಿ.

ನೀರು ಯಾರ ಕೈಯಾಗ ಅನ್ನೂದಕ್ಕ ಉತ್ತರ ಸೂಪಾ. ಗಣೇಶಗುಡಿ ಹತ್ರ ಕಾಳಿಗೆ ಕಟ್ಟಿದ ಸೂಪಾ ಅಣೆಕಟ್ಟು 101 ಮೀಟರ್ ಎತ್ತರ. ಸೂಪಾ ಅನ್ನೋ ಊರ ಆ ನೀರಾಗ ಮುಳುಗಿತು. ಅಲ್ಲಿಯ ಮಂದಿ ಭಾಳಷ್ಟು ರಾಮನಗರಕ್ಕ ಹೋಗಿ ನೆಲಿ ನಿಂತರು. ಅಣೆಕಟ್ಟಿನ ಬುಡದಾಗ ಕರೆಂಟ್ ತಯಾರಾಗತೈತಿ, ಅಲ್ಲಿಂದ ಬಿಟ್ಟ ನೀರಿನ ಮ್ಯಾಲೆ ಕೆಳಗಿನ ಹೊಳಿಯ ಏರಿಳಿತ. ರ‍್ಯಾಫ್ಟಿಂಗ್ ನಡೆಯೂದೂ ಅದರ ಮ್ಯಾಲೆ. ಹಿಂಗಾಗಿ ಹೋಗೂ ಹಿಂದಿನ ದಿನ, ಮತ್ತ ಹೋದ ದಿನ ಮುಂಜಾನೆ, ಎರಡೂ ಸಲ ನೀರಿನ ಸುದ್ದಿ ಕೇಳಬೇಕು. ಮಳಿಗಾಲದಾಗ ಹೋಗೂ ಮಾತ ಬ್ಯಾಡ. ದೀಪಾವಳಿ ಆದಮ್ಯಾಲೆ ಫೆಬ್ರುವರಿ ತನಕ ಚಲೋ. ಇನ್ನೊಂದು, ಕಾಳ್ಯಾಗ ದಾಂಡೇಲಿ ಸುತ್ತಮುತ್ತ ಮೊಸಳಿ ಅದಾವು. "ಇಲ್ಲಿ ನೀರು ಎಷ್ಟು ಚಂದ ಐತಿ" ಅಂತ ಗಾಡಿ ನಿಂದ್ರಿಸಿ ತಿಳಿದ ಜಾಗದಾಗ ಇಳೀಬಾರದು. ಅವ್ರು ತೋರಿಸಿದ ಜಾಗ ಬಿಟ್ಟು ಕಾಲು ಸುದ್ದಾ ಇಡಬಾರದು.

ಉಳಿದ ಎರಡಕ್ಕೂ ಉತ್ತರ ಬಂದವು. ಇಬ್ಬರ ದೋಣಿ, ಮಕ್ಕಳ ಜೋಡಿ ಒಬ್ಬ ದೊಡ್ಡವ್ರು ಇರಲೇಬೇಕು, ಕಲಿಸೋರು ತಮ್ಮ ದೋಣ್ಯಾಗ ಪಕ್ಕದಾಗ ಇರತಾರ. ನಾ ಫೋನ್ ಮಾಡಿದ ಮೊದಲನೇ ಜಾಗದಾಗ "ಎಲ್ಲಾ ಆಗತೈತಿ ಬರ್ರಿ ಮೇಡಂ" ಅಂದ್ರು, ಜಾಕೀಟು ಸಣ್ಣ ಹುಡುಗರ ಅಳತಿದು ಐತೇನು ಅಂದ್ರ ಹಾರಿಕಿ ಉತ್ತರ. ಬಿಟ್ಟೆ. ಎರಡನೇ ಜಾಗದಾಂವ, "ಹುಡುಗಂದು ತೂಕ ಎಷ್ಟು?" ಅಂತ ತಾನ ಕೇಳಿದ. ಅವನಿಗೆ ಗೊತ್ತು ಮಾಡಿದ್ವಿ. "ನಾನೂ ಬರತೀನಿ" ಅಂದ್ರು ಅತ್ತಿಯವ್ರು. "ದಂಡಿ ಮ್ಯಾಲೆ ಕುಂಡ್ರತೀನಿ. ನನಗ ಕಾಣೂವಷ್ಟರಾಗ ಇರಬೇಕು."

ಡಿಸೆಂಬರಿನ ಒಂದು ಶನಿವಾರ ನಸುಕಿನ ಐದಕ್ಕ ಹೊಂಟಿವಿ. ಬುತ್ತಿಗೆ ಕಟಕ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಎಣಗಾಯಿ, ಗಟ್ಟಿ ಮೊಸರು. ಬಟ್ಟಿ ಬಗ್ಗೆ ಒಂದು ಮಾತು: ನೀರಿಗೆ ಇಳಿಯೋರಿಗೆ ಸೀರಿ, ದುಪಟ್ಟಾ, ಜೀನ್ಸ್ ಬ್ಯಾಡ, ಜೀನ್ಸ್ ತೊಯ್ದ್ರ ಕಲ್ಲಿನಂಗ ಭಾರ ಆಗತೈತಿ, ಒಣಗೂದೂ ಇಲ್ಲ. ಲಗೂ ಒಣಗೋ ಪ್ಯಾಂಟು, ತೋಳಿದ್ದ ಅಂಗಿ, ಹಿಂದ ಪಟ್ಟಿ ಇದ್ದ ಚಪ್ಪಲಿ. ಚಷ್ಮಾಕ್ಕ ದಾರ ಕಟ್ಟಬೇಕು. ಬಂಗಾರ ಮನ್ಯಾಗ ಬಿಡಬೇಕು. ಒಂದು ಜೋಡಿ ಒಣ ಬಟ್ಟಿ ಗಾಡ್ಯಾಗ ಬ್ಯಾರೇನ ಇಡಬೇಕು.

ಶನಿವಾರ ಪೂರ್ತಿ ನೀರಿಗೆ ಇಳೀಲಿಲ್ಲ. ದಣಿದು ಹೋಗಿ ಹಂಗ ದೋಣಿ ಹತ್ತೂದು ಬ್ಯಾಡ ಅಂತ ಮೊದಲ ಮಾತಾಗಿತ್ತು. ಹುಡುಗ್ರು ಹೊಳಿ ನೋಡಿದ್ರು, ಕಾಡು ನೋಡಿದ್ರು, ಲಗೂನ ಮಲಗಿದ್ರು. ಐತವಾರ ಮುಂಜಾನೆ ಏಳೂವರಿಗೆ ನೀರ ಮ್ಯಾಲೆ. ಹೊತ್ತು ಏರಿದಂಗ ಗಾಳಿ ಏರತೈತಿ. ಹೊಸಬರಿಗೆ ಮುಂಜಾನೆ ಹೊತ್ತ ಚಲೋ. ಹೋಗೂವಾಗ ಗಾಳಿಗೆ ಎದುರು ಹೋಗಬೇಕು, ಬರೂವಾಗ ಸೋತ ಕೈಗೆ ಗಾಳೀನ ತಂದು ಬಿಡತೈತಿ.

ಕಲಿಸಾಂವ ಅರ್ಧ ತಾಸು ದಂಡಿ ಮ್ಯಾಲೇನ ನಿಂದ್ರಿಸಿದ. ಜಾಕೀಟಿನ ಎಲ್ಲಾ ಪಟ್ಟಿ ಬಿಗಿದು, ಹೆಗಲು ಹಿಡಿದು ಮ್ಯಾಲೆ ಜಗ್ಗಿದ. ಜಾಕೀಟು ಗದ್ದದ ತನಕ ಏರಿದ್ರ ಅದು ಸಡಲು, ಬ್ಯಾರೇದು ಹಾಕಬೇಕು. ಹುಟ್ಟನ್ನ ತಲಿ ಮ್ಯಾಲೆ ಅಡ್ಡ ಇಟ್ಟು, ಮೊಳಕೈ ಕಾಟಕೋನ ಆಗೂವಂಗ ಹಿಡಿದ್ರ ಅದ ಸರಿಯಾದ ಹಿಡಿತ. ತೋಳಿಲೆ ಜಗ್ಗಬಾರದು, ನಡು ತಿರುವಿ ಜಗ್ಗಬೇಕು. ಇಬ್ಬರ ದೋಣ್ಯಾಗ ಮುಂದಿನಾಂವ ಲಯ ಹಿಡೀತಾನ, ಹಿಂದಿನಾಂವ ದಿಕ್ಕು ಹಿಡೀತಾನ, ಅದಕ್ಕ ಬಲ ಇದ್ದವ್ರು ಹಿಂದ. ದೋಣ್ಯಾಗ ಎದ್ದು ನಿಂದ್ರಬಾರದು. ಮಗುಚಿದ್ರ ದೋಣಿ ಬಿಡಬಾರದು, ಅದು ತೇಲತೈತಿ. ಸೆಳವು ಬರೋ ಕಡೀಗೆ ನಾವು, ಕೆಳಗಿನ ಕಡೀಗೆ ದೋಣಿ. ಇಲ್ಲಂದ್ರ ದೋಣಿಗೂ ಕಲ್ಲಿಗೂ ನಡುವ ಸಿಕ್ಕೋತೀವಿ. ನೀರು ಎಳಕೊಂಡು ಹೋದ್ರ ಅಂಗಾತ ಮಲಗಿ ಕಾಲು ಮುಂದ ಮಾಡಬೇಕು, ತಳಕ್ಕ ಕಾಲು ಊರಾಕ ಹೋಗಬಾರದು.

ಆಮ್ಯಾಲೆ ದಂಡಿ ಹತ್ರ ಸಣ್ಣಾಂವನ್ನ ಬೇಕಂತಲೇ ನೀರಿಗೆ ಬೀಳಿಸಿದ. ಅತ್ತಿಯವ್ರು ಕುಂತಲ್ಲಿಂದ ಎದ್ದು ನಿಂತರು. ಮುಳುಗಿದ ಹುಡುಗ ಕಣ್ಣು ಮಿಟುಕಿಸೂದರಾಗ ಮ್ಯಾಲೆ ಬಂದು, ಮಾರಿ ಒರಸಿಕೊಂಡು ನಕ್ಕ. "ಬೆಂಡಿನಂಗ ಬಂದ ನೋಡು" ಅಂದ್ರು ಅತ್ತಿಯವ್ರು. ಅವ್ರ ಊರಾಗ ಹುಡುಗರಿಗೆ ಈಸು ಕಲಿಸೂವಾಗ ಬೆನ್ನಿಗೆ ಒಣ ಸೋರಿಬುರುಡಿನೋ ಖಾಲಿ ಡಬ್ಬಿನೋ ಕಟ್ಟತಿದ್ರಂತ. ಕಲತ ಮ್ಯಾಲೆ ಬಿಚ್ಚಿ ಬಿಡತಿದ್ರು. ಕಲತವ್ರಿಗೂ ಬೇಕಾಗತೈತಿ ಅನ್ನೂದು ಆವಾಗ ಯಾರಿಗೂ ಹೊಳೀಲಿಲ್ಲ.

ಒಂದೂವರಿ ತಾಸು ಹುಡುಗ್ರು ದಂಡಿಗೆ ಸಮೀಪನ ದೋಣಿ ಹಾಕಿದ್ರು. ಮಗಳು ಮೊದಲು ಗಿರಿಗಿರಿ ಸುತ್ತಿದ್ಲು, ಆಮ್ಯಾಲೆ ನೆಟ್ಟಗ ಹೋದ್ಲು. ನಮ್ಮನಿಯವ್ರು ಮಗನ ಹಿಂದ ಕುಂತು ಬೆವರಿದ್ರು. ಈಸಾಕ ಬರದಾಂವ ನಡು ವಯಸ್ಸಿನಾಗ ಹೊಳ್ಯಾಗ ಇಳಿದದ್ದು ಅದ ಮೊದಲು.

ಊಟಕ್ಕ ಕುಂತಾಗ ಮಗಳು ಒಂದು ವಿಷಯ ಹೇಳಿದ್ಲು. ಕಯಾಕು ಉತ್ತರ ಧ್ರುವದ ಕಡೆ ಇನುಯಿಟ್ ಮಂದಿದು, ಕಟ್ಟಿಗಿ ಇಲ್ಲಾ ಎಲುಬಿನ ಹಂದರಕ್ಕ ಸೀಲ್ ಪ್ರಾಣಿ ಚರ್ಮ ಹೊದಿಸಿ ಬೇಟೆಗೆ ಮಾಡತಿದ್ರಂತ. ನಮ್ಮ ಹರಗೋಲೂ ಹಂಗ ಅಲ್ಲೇನು? ಬಿದಿರಿನ ಬುಟ್ಟಿ, ಮ್ಯಾಲೆ ತೊಗಲು. 1520ರ ಸುಮಾರಿಗೆ ವಿಜಯನಗರಕ್ಕ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಇದ ತುಂಗಭದ್ರೆ ಮ್ಯಾಲೆ ಮಂದಿ ಇಂಥಾ ಬುಟ್ಟಿ ದೋಣ್ಯಾಗ ದಾಟೂದನ್ನ ಬರದಿಟ್ಟಾನ. ಈಗ ತೊಗಲಿನ ಬದಲಿ ಪ್ಲಾಸ್ಟಿಕ್, ಡಾಂಬರು, ಫೈಬರ್ ಬಂದೈತಿ. ಕೊರ್ಲಹಳ್ಳಿ ಹತ್ರ ಸೇತುವೆ ಆಗಿ ದಾಟೋರು ಕಡಿಮಿ ಆದ್ರೂ ಮೀನು ಹಿಡಿಯೋರು ಇನ್ನೂ ಅದರಾಗ ಹೋಗತಾರ. ಅತ್ತಿಯವ್ರು ಕೇಳಿಸಿಕೊಂಡು, ರೊಟ್ಟಿ ಮುರಕೋತ, "ಆ ಜಾಕೀಟಿಗೆ ಎಷ್ಟು ಬೀಳತೈತಿ?" ಅಂದ್ರು.

ಬಂದ ಮ್ಯಾಲೆ ತಮ್ಮ ಪಿಂಚಣಿ ರೊಕ್ಕದಾಗ ನಾಲ್ಕು ಜಾಕೀಟು ತರಿಸಿದ್ರು. ತೂಕದ ಅಳತಿ, ಪಟ್ಟಿ, ಸೀಟಿ ಎಲ್ಲಾ ಮಗಳ ಕಡೆ ನೋಡಿಸಿ, ತವರೂರಿನಾಗ ಹರಗೋಲು ಹಾಕೋ ಮನಿಗೆ ಕಳಿಸಿದ್ರು. ಸಂಕ್ರಮಣಕ್ಕ ಹೋದಾಗ ನೋಡಿದ್ರ ಒಂದನ್ನ ತಲಿದಿಂಬು ಮಾಡಿಕೊಂಡು ಮಲಗಿದ್ರು, ಒಂದು ಗೂಟಕ್ಕ ತೂಗಾಡತಿತ್ತು. ಉಳಿದೆರಡು ಹಾಕ್ಕೊಂಡು ಆ ಮನಿಯ ಹುಡುಗ್ರು ಬಲಿ ಬಿಡಾಕ ಹೋಗಿದ್ರು. ಅತ್ತಿಯವ್ರು ದಿಂಬು ಕಸಗೊಂಡು, ಪಟ್ಟಿ ಹೆಂಗ ಬಿಗೀಬೇಕು ಅಂತ ಆ ಮನಿಯವ್ರಿಗೆ ತಾವ ಹಾಕ್ಕೊಂಡು ತೋರಿಸಿದ್ರು.